ಶೀಟಕ್ಕ ಮತ್ತು ಮ್ಯಾಕ್ರೋ ಮಾವ

ಲಿಫ್ಟು ರಿಪೇರಿಯ ಆ ಆಫೀಸು ಟೈರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿತ್ತು. ಕೆಳಗೆ ಗಾಳಿ ತುಂಬುವ ಯಂತ್ರ ಧಡಧಡ ಎಂದಾಗಲೆಲ್ಲ ಮೇಲಿದ್ದವರು ಮಾತು ನಿಲ್ಲಿಸಿ, ಅದು ಸುಮ್ಮನಾದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಒಬ್ಬರು ಯಜಮಾನರು, ಒಂಬತ್ತು ಮಂದಿ ಮೆಕ್ಯಾನಿಕ್‌ಗಳು, ಒಂದು ಫೋನು. ಆ ಫೋನು ಎತ್ತಲೆಂದು ಆಕೆ ಕೆಲಸಕ್ಕೆ ಸೇರಿದಾಗ ವಯಸ್ಸು ಇಪ್ಪತ್ತನಾಲ್ಕು. ಆ ಮೆಟ್ಟಿಲು ಕೊನೆಯ ಸಲ ಇಳಿದಾಗ ನಲವತ್ತಾರು. ಅಷ್ಟರೊಳಗೆ ಅಪ್ಪ ಅಮ್ಮ ಇಟ್ಟ ಹೆಸರು ಆಫೀಸಿನಲ್ಲಿ ಎಲ್ಲರಿಗೂ ಮರೆತುಹೋಗಿ, ಶೀಟಕ್ಕ ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು.

ಆಕೆ ಸೇರಿದ ಕಾಲಕ್ಕೆ ಕಂಪ್ಲೇಂಟುಗಳನ್ನು ಚೀಟಿಯಲ್ಲಿ ಬರೆದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ಮೆಕ್ಯಾನಿಕ್‌ಗಳು ಬೆಳಗ್ಗೆ ಬಂದು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡು ಹೋಗುವರು. ಹೀಗೇ ಒಬ್ಬ ಹಿಂದಿನ ತಿಂಗಳ ಚೀಟಿ ಹಿಡಿದು ಹೋಗಿ, ಚೆನ್ನಾಗಿ ಓಡುತ್ತಿದ್ದ ಲಿಫ್ಟನ್ನು ನಿಲ್ಲಿಸಿ, ಬಿಚ್ಚಿ, ಮೋಟಾರು ಕೆಳಗಿಳಿಸಿ, ಸಂಜೆ ಫೋನು ಮಾಡಿದ: "ಎಷ್ಟು ಹುಡುಕಿದ್ರೂ ಏನು ಕೆಟ್ಟಿದೆ ಅಂತ ಗೊತ್ತಾಗ್ತಿಲ್ಲ ಸಾರ್." ಆ ಕಟ್ಟಡದವರು ಎಂಟು ಮಹಡಿ ಹತ್ತಿಳಿದು ಯಜಮಾನರಿಗೆ ಬಾಯಿಗೆ ಬಂದಂತೆ ಬೈದರು. ಮಾರನೆಯ ವಾರ ಯಜಮಾನರು ಒಂದು ಕಂಪ್ಯೂಟರು ಹೊತ್ತು ತಂದು ಆಕೆಯ ಮೇಜಿನ ಮೇಲಿಟ್ಟು, "ಇದ್ರಲ್ಲಿ ಏನಾದ್ರೂ ಮಾಡಮ್ಮ" ಎಂದರು. ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ.

ಆಕೆ ಮಾಡಿದ್ದು ಒಂದು ಶೀಟು. ಮೊದಲಿಗೆ ನಾಲ್ಕೇ ಕಾಲಮ್ಮು: ಕಟ್ಟಡ, ತೊಂದರೆ, ಮೆಕ್ಯಾನಿಕ್, ಆಯಿತೋ ಇಲ್ಲವೋ. ಆಮೇಲೆ ಬಣ್ಣ ಬಂತು. ಲಿಫ್ಟು ನಿಂತಿದ್ದರೆ ಹಳದಿ, ಸರಿಹೋದರೆ ಹಸಿರು, ಫೋನಿನಲ್ಲಿ ಕೂಗಾಡುವ ಗಿರಾಕಿಗೆ ಬೂದು. ಒಬ್ಬನೇ ಮೆಕ್ಯಾನಿಕ್ಕನ್ನು ಒಂದೇ ಹೊತ್ತಿಗೆ ಊರಿನ ಎರಡು ತುದಿಗೆ ಕಳಿಸಿದರೆ ಚೌಕ ನೇರಳೆಗೆ ತಿರುಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಕಾಲಮ್ಮುಗಳು ನಲವತ್ತೊಂದಾದವು. ಅವುಗಳಲ್ಲೊಂದರಲ್ಲಿ ಮೇಲಿಂದ ಕೆಳಗಿನವರೆಗೆ ಬರೀ ಏಳು ಎಂಬ ಅಂಕಿ ಇತ್ತು. ಅದೇಕೆ ಬಂತು ಎಂಬುದು ಆಕೆಗೇ ನೆನಪಿರಲಿಲ್ಲ. ಒಮ್ಮೆ ಅಳಿಸಿ ನೋಡಿದಾಗ ಇಡೀ ಶೀಟು ತಲೆಕೆಳಗಾಗಿದ್ದರಿಂದ ಆ ಏಳರ ತಂಟೆಗೆ ಮತ್ತೆ ಯಾರೂ ಹೋಗಲಿಲ್ಲ. ಫೈಲಿನ ಹೆಸರು ಮೊದಲು 'ಹೊಸದು' ಎಂದಿತ್ತು. ಆಮೇಲೆ 'ಹೊಸದು ಕೊನೆಯದು', 'ಇದೇ ಕೊನೆಯದು', 'ನಿಜವಾಗಿ ಇದೇ' ಎಂದು ಬೆಳೆಯುತ್ತ ಹೋಯಿತು. ಆಕೆಗೆ ಒಮ್ಮೆ ಜ್ವರ ಬಂದಾಗ ಯಜಮಾನರೇ ಕಂಪ್ಯೂಟರನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದು, ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತು, "ನೀನು ಮಲಗೇ ಇರಮ್ಮ, ಏನು ಒತ್ಬೇಕು ಅಂತ ಮಾತ್ರ ಹೇಳು" ಎಂದಿದ್ದರು.

ಲಿಫ್ಟಿನವರ ಆಫೀಸಿನ ಆಧಾರವಾಗಿದ್ದ ಆಕೆಯ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಅಮ್ಮ ಆರು ವರ್ಷ ಹಾಸಿಗೆ ಹಿಡಿದಿದ್ದರು. ಹಗಲು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಶೀಟಿನ ಕೊನೆಯಲ್ಲಿ 'ಅಮ್ಮ' ಎಂಬ ಒಂದು ಪುಟವಿತ್ತು, ಅದರಲ್ಲಿ ಮಾತ್ರೆಗಳ ವೇಳೆ. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿನ ಚೌಕ ಕೆಂಪಾಗುತ್ತಿತ್ತು, ಆಕೆ ಪಕ್ಕದ ಮನೆಗೆ ಫೋನು ಮಾಡುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೂ ಚೌಕ ಕೆಂಪಾಗುವುದು ನಿಲ್ಲಲಿಲ್ಲ. ಆಕೆ ಅದನ್ನು ನೋಡಿ, ಎದ್ದು ಹೋಗಿ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿದ್ದಳು. ಬೇರೆ ಊರಿನಲ್ಲಿದ್ದ ತಮ್ಮ ಭಾನುವಾರಕ್ಕೊಮ್ಮೆ ಫೋನು ಮಾಡುವನು. "ಊಟ ಆಯ್ತಾ ಅಕ್ಕ? ಹುಷಾರು ಮತ್ತೆ." ಮೂರು ನಿಮಿಷ. ನಾಲ್ಕಾದರೆ ಏನೋ ವಿಶೇಷವಿದೆ ಎಂದು ಅರ್ಥ.

ಒಂದು ಬೆಳಗ್ಗೆ ಯಜಮಾನರು ಎಲ್ಲರನ್ನೂ ಕೂಡಿಸಿ, ಕಂಪನಿಯನ್ನು ದೊಡ್ಡವರೊಬ್ಬರಿಗೆ ಕೊಟ್ಟಿರುವುದಾಗಿ ಹೇಳಿದರು. ಕೆಳಗೆ ಗಾಳಿ ಯಂತ್ರ ಶುರುವಾಯಿತು. ಅದು ನಿಂತ ಮೇಲೆ ಆಕೆಯ ಕಡೆ ತಿರುಗಿ, "ಹೆದರ್ಬೇಡ. ನಿನ್ನನ್ನೂ ಸೇರಿಸಿಯೇ ಕೊಟ್ಟಿದ್ದೀನಿ" ಎಂದರು. ಸಮಾಧಾನ ಹೇಳಲೆಂದೇ ಅಂದದ್ದು. ಆದರೆ ಮೇಜು, ಫ್ಯಾನುಗಳ ಪಟ್ಟಿಯಲ್ಲಿ ತನ್ನದೂ ಒಂದು ಸಾಲು ಸೇರಿದಂತೆ ಆಕೆಗೆ ಅನ್ನಿಸಿತು.

ದೊಡ್ಡ ಕಂಪನಿಯ ಆಫೀಸು ಗಾಜಿನ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿತ್ತು. ಮೊದಲ ದಿನವೇ ಡೇಟಾ ವಿಭಾಗದವನೊಬ್ಬ ಆಕೆಯ ಶೀಟನ್ನು ತೆರೆದು ಕೂತು ಒಂದೊಂದೇ ಗಿರಾಕಿಯ ವಿವರ ಎತ್ತಿಕೊಂಡ. ಕೊನೆಗೆ ಕೇಳಿದ:

"ಮೇಡಂ, ಈ ಅಮ್ಮ ಅನ್ನೋ ಕಸ್ಟಮರ್ ಯಾರು? ವಿಳಾಸ ಇಲ್ಲ, ಲಿಫ್ಟ್ ನಂಬರೂ ಇಲ್ಲ."

"ಅದು ಬೇಡ, ಬಿಡಿ."

"ಹಾಗೆ ಬಿಡೋಕಾಗಲ್ಲ ಮೇಡಂ, ಸಿಸ್ಟಮ್ ಕೇಳುತ್ತೆ. ಸೇವೆ ಮುಗಿದಿದೆ ಅಂತ ಹಾಕ್ಲಾ?"

"ಹಾಕಿ" ಎಂದಳು. ಆಮೇಲೆ ಅವನು ಟೀಗೆ ಎದ್ದುಹೋದಾಗ ಆ ಪುಟವನ್ನು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡಳು.

ಆ ಕಂಪನಿಯ ಸಾಫ್ಟ್‌ವೇರಿಗೆ 'ಸಮಗ್ರ' ಎಂದು ಹೆಸರು. ಅದನ್ನು ಕಲಿಸಲು ಮೂರು ದಿನ ತರಬೇತಿ ಕೊಟ್ಟರು. ಒಂದು ಕಂಪ್ಲೇಂಟು ಬರೆದುಕೊಳ್ಳಲು ಹದಿನೆಂಟು ಸಲ ಒತ್ತಬೇಕು. ಲಿಫ್ಟಿನೊಳಗೆ ಸಿಕ್ಕಿಕೊಂಡವರ ಇಮೇಲ್ ವಿಳಾಸ ತುಂಬದಿದ್ದರೆ 'ಸಮಗ್ರ' ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಆ ಊರಿನಲ್ಲಿ ಸಿಕ್ಕಿಕೊಂಡವರೆಲ್ಲರದೂ ಒಂದೇ ಇಮೇಲು, ಮ್ಯಾನೇಜರದ್ದು. ಇಷ್ಟು ದೊಡ್ಡ ಕಂಪನಿ ಇದರಲ್ಲಿ ಹೇಗೆ ನಡೆಯುತ್ತಿದೆ ಎಂದು ಆಕೆಗೆ ಸೋಜಿಗ. ಉತ್ತರ ಕೊಟ್ಟವಳು ಕಸ ಗುಡಿಸುವ ಹೆಂಗಸು.

"ಇದು ದೊಡ್ಡೋರಿಗೆ ತೋರ್ಸೋಕೆ ಕಣಕ್ಕ. ಕೆಲ್ಸ ಮಾಡೋದು ಅಲ್ಲಿದೆ ನೋಡಿ," ಎಂದು ಟೀ ಕೋಣೆಯ ಪಕ್ಕದ ಮೂಲೆ ತೋರಿಸಿದಳು.

ಅಲ್ಲಿ ಮೇಜಿನ ಕೆಳಗೆ ಒಂದು ಹಳೆಯ ಕಂಪ್ಯೂಟರು ಗುಂಯ್‌ಗುಡುತ್ತಿತ್ತು. ಮೇಲೆ ಒಂದು ಕಾಗದ ಅಂಟಿಸಿದ್ದರು: ಆಫ್ ಮಾಡಬೇಡಿ. ಅದರ ಕೆಳಗೆ ಬೇರೆ ಕೈಬರಹ: ದಯವಿಟ್ಟು. ಅದರೊಳಗೂ ಇದ್ದದ್ದು ಒಂದು ಶೀಟು! ದಿನಾ ಬೆಳಗ್ಗೆ ಏಳೂ ನಲವತ್ತಕ್ಕೆ ಅದು ತಾನಾಗಿ ಎದ್ದು, ಮುನ್ನೂರ ಹನ್ನೆರಡು ಮೆಕ್ಯಾನಿಕ್‌ಗಳಿಗೆ ಕೆಲಸ ಹಂಚಿ ಸುಮ್ಮನಾಗುತ್ತಿತ್ತು. ಜನ ಅದನ್ನು ನೋಡಿಕೊಂಡು ಕೆಲಸ ಮಾಡಿ, ಸಂಜೆ 'ಸಮಗ್ರ'ದಲ್ಲಿ ಎಲ್ಲವನ್ನೂ ಹೊಸದಾಗಿ ನಡೆದಂತೆ ತುಂಬುತ್ತಿದ್ದರು. ಶೀಟು ತಾನಾಗಿ ಮಾಡಿಕೊಳ್ಳುವ ಕೆಲಸಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಅದನ್ನು ಬರೆದವರು ಒಂಬತ್ತು ವರ್ಷದ ಹಿಂದೆ ನಿವೃತ್ತರಾಗಿದ್ದರು. ಅವರ ಹೆಸರು ಯಾರಿಗೂ ನೆನಪಿಲ್ಲದೆ, ಎಲ್ಲರೂ ಮ್ಯಾಕ್ರೋ ಮಾವ ಎನ್ನುತ್ತಿದ್ದರು. ಬದುಕಿದ್ದಾರೋ ಇಲ್ಲವೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಮೊದಲ ನಾಲ್ಕು ತಿಂಗಳು ಆಕೆಗೆ ಬಹಳ ಉದ್ದವೆನಿಸಿದವು. ಪಕ್ಕದ ಕುರ್ಚಿಯವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಏನಾದರೂ ಕೇಳಬೇಕಾದರೆ ಪರದೆಯ ಮೇಲೆ ಬರೆದು ಕಳಿಸುತ್ತಿದ್ದ. ಆಕೆ ಬಾಯಲ್ಲಿ ಉತ್ತರ ಹೇಳಿದರೆ ಬೆಚ್ಚಿಬೀಳುತ್ತಿದ್ದ. ಊಟದ ಮೇಜಿನಲ್ಲಿ ಆಕೆ ಕೂತ ಕಡೆ ಎರಡು ಕುರ್ಚಿ ಖಾಲಿ ಉಳಿಯುತ್ತಿದ್ದವು. ಯಾರೂ ಬೇಕೆಂದು ಮಾಡಿದ್ದಲ್ಲ. ಆಕೆ ಅಲ್ಲಿದ್ದಾಳೆ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟೆ. ಶೀಟಕ್ಕ ಎಂದು ಕೂಗುವವರು ಇಲ್ಲದೆ, ಆ ಹೆಸರು ತನಗೆ ಇಷ್ಟೊಂದು ಇಷ್ಟವಿತ್ತೆಂದು ಆಕೆಗೆ ಈಗ ತಿಳಿಯಿತು. ಮನೆಗೆ ಬಂದರೆ ಪಕ್ಕದ ಮನೆಯಾಕೆ ಮಗನ ಮನೆಗೆ ಹೋಗಿ ಬಾಗಿಲಿಗೆ ಬೀಗ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ತಮ್ಮನ ಮೂರು ನಿಮಿಷ ಬಿಟ್ಟರೆ ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ.

ಐದನೇ ತಿಂಗಳ ಒಂದು ಬೆಳಗ್ಗೆ ಏಳೂ ನಲವತ್ತಕ್ಕೆ ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಣ್ಣ ಡಬ್ಬ ಮೂಡಿತು: "ಸಾಲುಗಳು ಮುಗಿದವು. ಇನ್ನು ನನ್ನಿಂದಾಗದು." ಅಷ್ಟೇ. ಮುನ್ನೂರ ಹನ್ನೆರಡು ಮೆಕ್ಯಾನಿಕ್‌ಗಳು ಬೀದಿಬೀದಿಯಲ್ಲಿ ಸ್ಕೂಟರು ನಿಲ್ಲಿಸಿಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತರು. ಆ ಹಳೆಯ ಶೀಟಿನಲ್ಲಿ ಅರವತ್ತೈದು ಸಾವಿರದ ಚಿಲ್ಲರೆ ಸಾಲುಗಳಿಗಷ್ಟೇ ಜಾಗವಿತ್ತು. ಹೊಸದಾಗಿ ಕೊಂಡ ಕಂಪನಿಯ ಇಪ್ಪತ್ತೆರಡು ವರ್ಷದ ಕಂಪ್ಲೇಂಟುಗಳೂ ಬಂದು ಬಿದ್ದು ಅದು ಕಂಠಮಟ್ಟ ತುಂಬಿತ್ತು. ಮ್ಯಾನೇಜರು ಐದು ಜನರ ತುರ್ತು ಸಭೆ ಕರೆದರು. 'ಸಮಗ್ರ' ಮಾಡಿದವರಿಗೆ ಫೋನು ಮಾಡಿದರೆ, ಆರು ವಾರ ಬೇಕು ಎಂದರು.

ಸಭೆಗೆ ಆಕೆಯನ್ನು ಕರೆದಿರಲಿಲ್ಲ. ಅದರಿಂದಾಗಿ ಕೈ ಖಾಲಿಯಿತ್ತು. ಹಳೆಯ ಕಂಪ್ಯೂಟರಿನ ಮುಂದೆ ಕೂತು, ಬೇರೆಯವರ ಅಡುಗೆಮನೆಗೆ ಹೋದವರು ಡಬ್ಬಗಳನ್ನು ಮುಟ್ಟುವಂತೆ ಹುಷಾರಾಗಿ ಒಂದೊಂದೇ ಪುಟ ತೆರೆದಳು. ಸ್ವಲ್ಪ ಹೊತ್ತಿಗೆ ಬಚ್ಚಿಟ್ಟಿದ್ದ ಒಂದು ಪುಟ ಸಿಕ್ಕಿತು. ಅದರಲ್ಲಿ ಇಷ್ಟೇ ಬರೆದಿತ್ತು: "ಇದನ್ನು ಓದುತ್ತಿರುವವರಿಗೆ ನಮಸ್ಕಾರ. ಏನೋ ಕೆಟ್ಟಿರಬೇಕು. ಗಾಬರಿ ಬೇಡ. ಈ ನಂಬರಿಗೆ ಫೋನು ಮಾಡಿ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಲಗಿರುತ್ತೇನೆ, ಆದರೂ ಮಾಡಿ."

ಎರಡನೇ ರಿಂಗಿಗೇ ಯಾರೋ ಎತ್ತಿದರು. ಆಕೆ ಕಂಪನಿಯ ಹೆಸರು ಹೇಳಿದಳು. ಆ ಕಡೆಯಿಂದ ಒಂದು ಮುದಿ ದನಿ:

"ಸಾಲು ಮುಗೀತಾ?"

"ಹೌದು ಸಾರ್."

"ಹದಿನಾಲ್ಕು ವರ್ಷ ಬರುತ್ತೆ ಅಂತ ಲೆಕ್ಕ ಹಾಕಿದ್ದೆ. ಒಂಬತ್ತಕ್ಕೇ ಮುಗೀತು ಅಂದ್ರೆ ಯಾವ್ದೋ ಕಂಪನಿ ಕೊಂಡ್ಕೊಂಡಿರ್ಬೇಕು."

"ನಮ್ಮದನ್ನೇ ಸಾರ್."

"ಹಾಗೋ! ಸರಿ, ಕೂತ್ಕೊಂಡಿದ್ದೀಯೇನಮ್ಮ? ಮೊದಲನೇ ಪುಟದಲ್ಲಿ ಬಲಗಡೆ ಮೇಲೆ ಒಂದು ಬಟನ್ ಇದೆ. ಬಿಳಿ ಮೇಲೆ ಬಿಳಿ, ಕಣ್ಣಿಗೆ ಕಾಣಲ್ಲ. ಯಾರೂ ಸುಮ್‌ಸುಮ್ನೆ ಒತ್ತಬಾರ್ದು ಅಂತ ಹಾಗೆ ಮಾಡಿದ್ದು. ಅದನ್ನ ಒತ್ತಿದ್ರೆ ಹಳೇ ಸಾಲೆಲ್ಲ ಬೇರೆ ಫೈಲಿಗೆ ಹೋಗುತ್ತೆ."

ಆಕೆ ತಡಕಾಡಿ ಒತ್ತಿದಳು. "ಪಾಸ್‌ವರ್ಡ್ ಕೇಳ್ತಿದೆ ಸಾರ್. ಏನು ಹಾಕ್ಲಿ?"

"ಗೊತ್ತಿಲ್ಲ."

"ಸ್ವಲ್ಪ ನೆನಪು ಮಾಡ್ಕೊಳ್ಳಿ ಸಾರ್, ಎಲ್ಲಾ ಕಾಯ್ತಾ ಇದ್ದಾರೆ."

"ಅಯ್ಯೋ, ಅದೇ ಪಾಸ್‌ವರ್ಡು ಕಣಮ್ಮ. ಗೊತ್ತಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಯಾರು ಕೇಳಿದ್ರೂ ಸುಳ್ಳು ಹೇಳ್ದಂಗೆ ಆಗ್ಬಾರ್ದು ಅಂತ ಇಟ್ಟಿದ್ದೆ."

ಆಕೆ ನಕ್ಕಳು. ತನ್ನ ನಗು ಕೇಳಿ ತಾನೇ ಬೆರಗಾದಳು. ಇಪ್ಪತ್ತು ನಿಮಿಷದಲ್ಲಿ ಶೀಟು ಎದ್ದು ಕೂತಿತು. ಸಭೆ ಮುಗಿಸಿ ಹೊರಬಂದ ಮ್ಯಾನೇಜರು ಎಲ್ಲ ಸರಿಯಾಗಿರುವುದನ್ನು ಕಂಡು, ತಂಡದ ಒಗ್ಗಟ್ಟಿನ ಪ್ರಯತ್ನಕ್ಕೆ ಧನ್ಯವಾದ ಹೇಳಿ ಮೇಲಿನವರಿಗೆ ಪತ್ರ ಕಳಿಸಿದರು. ಪತ್ರದಲ್ಲಿ ಆ ಐದೂ ಜನರ ಹೆಸರಿತ್ತು.

ಫೋನು ಇಡುವ ಮುಂಚೆ ಮ್ಯಾಕ್ರೋ ಮಾವ ಒಂದು ಮಾತು ಕೇಳಿದ್ದರು: "ಭಾನುವಾರ ಬಿಡುವಿರುತ್ತಾ?" ಬಿಡುವಿನ ವಿಷಯದಲ್ಲಿ ಆಕೆ ಶ್ರೀಮಂತೆ. ಹೋದಳು.

ಮೊದಲ ಮಹಡಿಯ ಸಣ್ಣ ಮನೆ, ಒಬ್ಬರೇ. ಹೆಂಡತಿ ಹೋಗಿ ಹತ್ತು ವರ್ಷವಾಗಿತ್ತು. ನಡುಮನೆಯ ನಟ್ಟನಡುವೆ ಒಂದು ಸ್ಟೂಲು, ಅದರ ಮೇಲೆ ಹಳೆಯ ತಂತಿ ಫೋನು. ಬಚ್ಚಲಮನೆ ಬಾಗಿಲಿನವರೆಗೂ ಒಯ್ಯುವಷ್ಟು ಉದ್ದದ ವೈರು ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಎಲ್ಲರೂ ಮೊಬೈಲ್ ತಗೊಂಡ್ರು. ನಾನು ಇದನ್ನ ತೆಗೆಸಲಿಲ್ಲ. ನಂಬರ್ ಶೀಟಲ್ಲಿದೆಯಲ್ಲ, ಹೆಂಗೆ ತೆಗೆಸೋದು?" ಎಂದರು. "ಮಗಳು ಬಾ ಬಾ ಅಂತ ಪ್ರಾಣ ತಿಂತಾಳೆ. ಈ ನಂಬರು ಅವಳ ಊರಿಗೆ ಬರಲ್ಲ."

"ಒಂಬತ್ತು ವರ್ಷದಲ್ಲಿ ಯಾರೂ ಮಾಡ್ಲೇ ಇಲ್ವಾ ಸಾರ್?"

"ಮಾಡ್ತಾರೆ. ಎಲ್ಲಾ ರಾಂಗ್ ನಂಬರು. ಒಬ್ರು ಕಣ್ಣಿನ ಆಸ್ಪತ್ರೆ ಅಂತ ಮಾಡ್ತಿರ್ತಾರೆ. ಅವರ ಎಡಗಣ್ಣಿನ ವಿಷಯ ಈಗ ನಂಗೆ ಅವರ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು." ಆಮೇಲೆ ಹಿಂಜರಿಯುತ್ತಲೇ ಕೇಳಿದರು: "ಅಲ್ಲಮ್ಮ, ಆಫೀಸಿನವರು ಒಂದ್ಸಲಾನೂ ಯಾಕೆ ಮಾಡ್ಲಿಲ್ಲ?"

"ಕೆಡಲೇ ಇಲ್ವಲ್ಲ ಸಾರ್. ಅದಕ್ಕೆ."

ಅವರು ತಲೆಯಾಡಿಸಿದರು. "ಅಷ್ಟು ಚೆನ್ನಾಗಿ ಮಾಡಬಾರ್ದಾಗಿತ್ತು" ಎಂದರು. ತಮಾಷೆಗೆ ಅಂದದ್ದೆಂದು ಆಕೆ ನಗಲು ಹೋಗಿ, ಅವರ ಮುಖ ನೋಡಿ ನಿಲ್ಲಿಸಿದಳು.

ಅಲ್ಲಿಂದ ಐದು ತಿಂಗಳು ಪ್ರತಿ ಭಾನುವಾರವೂ ಹೋದಳು. ಇಬ್ಬರೂ ಟೀ ಕುಡಿದು ಶೀಟುಗಳ ಮಾತಾಡುತ್ತಿದ್ದರು. ಆಕೆ ತನ್ನ ಹಳೆಯ ಶೀಟು ತಂದು ತೋರಿಸಿದಾಗ ಅವರು ಕನ್ನಡಕ ಏರಿಸಿ, ಆ ಏಳರ ಕಾಲಮ್ಮಿನ ಮೇಲೆ ಒಂದು ಗಂಟೆ ಕೂತು, "ವಾರಕ್ಕೆ ಎಷ್ಟು ದಿನ ಅಂತ ಹಾಕಿದ್ದೀಯ ಕಣಮ್ಮ, ಅಷ್ಟೇ" ಎಂದು ಇಪ್ಪತ್ತು ವರ್ಷದ ಗುಟ್ಟು ಬಿಡಿಸಿದರು. 'ಅಮ್ಮ' ಪುಟವನ್ನೂ ತೆರೆದರು. ಮೇಲಿಂದ ಕೆಳಕ್ಕೆ ನಿಧಾನವಾಗಿ ಓದುತ್ತ ಹೋದರು. ಕೊನೆಯ ತಾರೀಖಿಗೆ ಬಂದು ನಿಂತರು. "ಫಾರ್ಮುಲಾ ಎಲ್ಲಾ ಸರಿಯಾಗಿದೆ. ಒಂದು ಹೊತ್ತೂ ತಪ್ಪಿಲ್ಲ" ಎಂದರು. ಅಮ್ಮನ ಕಾರ್ಯಕ್ಕೆ ಬಂದ ಯಾವ ನೆಂಟರ ಮಾತೂ ಆಕೆಯನ್ನು ಅಷ್ಟು ಹಗುರ ಮಾಡಿರಲಿಲ್ಲ. ಆ ತಿಂಗಳುಗಳಲ್ಲಿ ತಮ್ಮ ಎರಡು ಸಲ, "ಏನಕ್ಕ, ಭಾನುವಾರ ಫೋನೇ ಎತ್ತಲ್ಲ?" ಎಂದು ಬೇಜಾರು ಮಾಡಿಕೊಂಡ.

ಕೊನೆಗೂ 'ಸಮಗ್ರ' ಮಾಡಿದವರು ಅದರ ಹೊಸ ಆವೃತ್ತಿ ತಂದರು. ಇನ್ನು ಎಲ್ಲ ಕೆಲಸ ಅದರಲ್ಲೇ ನಡೆಯಬೇಕು, ಹಳೆಯ ಕಂಪ್ಯೂಟರು ಶುಕ್ರವಾರ ನಾಲ್ಕು ಗಂಟೆಗೆ ಬಂದ್ ಎಂದು ಆದೇಶ ಬಂತು. ಆಫ್ ಮಾಡಲು ಯಾರಿಗೂ ಧೈರ್ಯವಿರಲಿಲ್ಲ. ಮ್ಯಾನೇಜರು ಆಕೆಯ ಬಳಿ ಬಂದು, "ನಿಮಗೆ ಅಭ್ಯಾಸ ಇದೆಯಲ್ಲ ಮೇಡಂ" ಎಂದರು.

ಆಕೆ ಮೊಬೈಲಿನಿಂದ ಮಾವನ ನಂಬರು ಒತ್ತಿ ವಿಷಯ ಹೇಳಿದಳು. "ಫೋನನ್ನ ಅದರ ಹತ್ರ ಹಿಡಿಯಮ್ಮ" ಎಂದರು. ಆಕೆ ಮೇಜಿನ ಕೆಳಗೆ ಮಂಡಿಯೂರಿ ಹಿಡಿದಳು. ಗುಂಯ್‌ ಶಬ್ದ ಕೇಳುತ್ತಿತ್ತು. ಇನ್ನೊಂದು ಕೈಯಲ್ಲಿ ಸ್ವಿಚ್ಚು ಒತ್ತಿದಳು. ಒಳಗಿನ ಫ್ಯಾನು ನಿಧಾನವಾಗಿ ಇಳಿದು, ಕಟಕಟ ಎಂದು ನಿಂತಿತು. ಟೀ ಕೋಣೆಯಲ್ಲಿ ಯಾರೋ ಲೋಟ ತೊಳೆಯುತ್ತಿದ್ದರು.

"ಸರಿ," ಎಂದರು ಮಾವ. "ಆಯ್ತು ಹಾಗಾದ್ರೆ. ಮಗಳಿಗೆ ಹೇಳ್ತೀನಿ."

ಮುಂದಿನ ತಿಂಗಳು ಮಗಳು ಬಂದು ಕರೆದುಕೊಂಡು ಹೋದಳು. ಸಾಮಾನು ಕಟ್ಟಲು ಶೀಟಕ್ಕ ನೆರವಾದಳು. ಹೊರಡುವಾಗ ಮಾವ ಮಗಳ ಮೊಬೈಲ್ ನಂಬರು ಬರೆದುಕೊಟ್ಟು, "ಮಾಡ್ತಿರು" ಎಂದರು. ಮಾಡಿದಳು. ಹಿಂದೆ ಮೊಮ್ಮಕ್ಕಳ ಗಲಾಟೆ, ಟೀವಿ. "ಏನು? ಜೋರಾಗಿ ಹೇಳಮ್ಮ, ಇದ್ರಲ್ಲಿ ಸರಿಯಾಗಿ ಕೇಳಲ್ಲ" ಎನ್ನುವರು. ಜೋರಾಗಿ ಕೂಗಿ ಹೇಳುವಂಥ ಮಾತುಗಳು ಆಕೆಯ ಬಳಿ ಇರಲಿಲ್ಲ. ಅವರು ಚೆನ್ನಾಗಿದ್ದಾರೆ ಎಂಬುದು ತಿಳಿಯುತ್ತಿತ್ತು, ಅದರಿಂದ ಸಂತೋಷವೂ ಆಗುತ್ತಿತ್ತು. ಎರಡು ಮೂರು ಸಲದ ನಂತರ ಫೋನು ಮಾಡುವುದು ನಿಂತಿತು. ಭಾನುವಾರದ ಸಂಜೆಗಳು ಮತ್ತೆ ಮೊದಲಿನಷ್ಟೇ ಉದ್ದವಾದವು. ತಮ್ಮನ ಬೇಜಾರಂತೂ ಹೋಯಿತು.

ಹೊಸ 'ಸಮಗ್ರ' ಬಂದ ಮೂರನೇ ವಾರ ಮ್ಯಾನೇಜರು ಆಚೀಚೆ ನೋಡಿ, ಆಕೆಯ ಮೇಜಿನ ಹತ್ತಿರ ಬಗ್ಗಿದರು. "ಮೇಡಂ, ಒಂದು ಸಣ್ಣ ಶೀಟು ಮಾಡಿಕೊಡ್ತೀರಾ? ಸಣ್ಣದು. ನಾಲ್ಕೇ ಕಾಲಂ. ಯಾರಿಗೂ ಹೇಳ್ಬೇಡಿ." ಅಷ್ಟು ಹೊತ್ತಿಗಾಗಲೇ ಆ ಮಹಡಿಯಲ್ಲಿ ಹದಿನೇಳು ಜನ ಹದಿನೇಳು ಗುಟ್ಟಿನ ಶೀಟುಗಳನ್ನು ಇಟ್ಟುಕೊಂಡಿದ್ದರು.

"ಮಾಡಿಕೊಡ್ತೀನಿ ಸಾರ್. ನನ್ನನ್ನ ಎಮರ್ಜೆನ್ಸಿ ಫೋನಿಗೆ ಹಾಕಿ."

ಮ್ಯಾನೇಜರು ಕಣ್ಣರಳಿಸಿದರು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗಂಟೆಯ ಗುಂಡಿ ಒತ್ತಿದರೆ ಬರುವ ಕರೆ ಅದು. ಅತ್ತು ಬೈದು ಕಿರುಚುವವರೇ ಹೆಚ್ಚಾದ್ದರಿಂದ ಆ ಕುರ್ಚಿಯಲ್ಲಿ ಯಾರೂ ಎರಡು ತಿಂಗಳು ನಿಲ್ಲುತ್ತಿರಲಿಲ್ಲ. "ಅಲ್ಲಿಗ್ಯಾಕೆ ಮೇಡಂ?" ಎಂದರು.

"ಅಲ್ಲಿ ಬಾಯಲ್ಲಿ ಮಾತಾಡಬಹುದಲ್ಲ" ಎಂದಳು ಆಕೆ.

ಅಲ್ಲಿಯೂ 'ಸಮಗ್ರ'ದ ನಿಯಮವಿತ್ತು. ವಿಳಾಸ ಕೇಳಬೇಕು, ಮೆಕ್ಯಾನಿಕ್ ಹೊರಟಿದ್ದಾರೆ ಎನ್ನಬೇಕು, ತೊಂಬತ್ತು ಸೆಕೆಂಡಿನಲ್ಲಿ ಫೋನಿಡಬೇಕು. ಒಂದು ರಜೆಯ ಮಧ್ಯಾಹ್ನ ಒಬ್ಬ ಹೆಂಗಸಿನ ಕರೆ ಬಂತು. ಖಾಲಿ ಆಫೀಸಿಗೆ, ಮರೆತು ಹೋಗಿದ್ದ ಕನ್ನಡಕ ತರಲು ಬಂದವಳು ಆರನೇ ಮತ್ತು ಏಳನೇ ಮಹಡಿಯ ನಡುವೆ ಸಿಕ್ಕಿಕೊಂಡಿದ್ದಳು. ದೀಪವೂ ಹೋಗಿತ್ತು. ಮೆಕ್ಯಾನಿಕ್ ಬರಲು ಮುಕ್ಕಾಲು ಗಂಟೆಯಾದರೂ ಬೇಕಿತ್ತು.

"ಕೆಳಗೆ ಕೂತ್ಕೊಳ್ಳಿ. ಲಿಫ್ಟ್ ಬೀಳಲ್ಲ, ನಾನು ಇಪ್ಪತ್ಮೂರು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ. ಕೂತ್ರಾ?"

"ಕೂತೆ. ನೀವು ಫೋನ್ ಇಡ್ತೀರಾ?"

ತೊಂಬತ್ತು ಸೆಕೆಂಡಾಗಿ ಪರದೆ ಹಳದಿಯಾಯಿತು. "ಇಲ್ಲ, ಇಡಲ್ಲ. ಕನ್ನಡಕ ಸಿಕ್ತಾ?"

ಸಿಕ್ಕಿತ್ತು. ಅಲ್ಲಿಂದ ಮಾತು ಹೊರಟಿತು. ಆ ಹೆಂಗಸು ಮನೆಯಲ್ಲಿ ಒಬ್ಬಳೇ, ರಜೆಯ ದಿನ ಕಳೆಯುವುದೇ ಕಷ್ಟ, ನಿಜ ಹೇಳಬೇಕೆಂದರೆ ಕನ್ನಡಕ ಒಂದು ನೆಪ, ಆಫೀಸಿನ ಕಾವಲುಗಾರನ ಜೊತೆಗಾದರೂ ಎರಡು ಮಾತಾಡೋಣವೆಂದು ಬಂದದ್ದು, ಅವನೂ ಇವತ್ತು ರಜೆ ಎಂದು ಒಂದೊಂದಾಗಿ ಹೇಳಿದಳು. ಇಬ್ಬರೂ ನಕ್ಕರು. ಆಕೆಯೂ ತನ್ನ ಮೂರನೇ ಮಹಡಿ, ಮೆಟ್ಟಿಲು, ತಮ್ಮನ ಮೂರು ನಿಮಿಷ ಎಲ್ಲವನ್ನೂ ಹೇಳಿದಳು. ಪರದೆ ಕೆಂಪಾಗಿ ಮಿನುಗತೊಡಗಿದಾಗ ಅದರ ಮೇಲೆ ತನ್ನ ಕರವಸ್ತ್ರ ಹೊದಿಸಿದಳು. ಐವತ್ತನೇ ನಿಮಿಷಕ್ಕೆ ಆ ಕಡೆ ಬಾಗಿಲು ಕಿರಕ್ ಎಂದಿತು, ಮೆಕ್ಯಾನಿಕ್ಕನ ಕೂಗು ಕೇಳಿಸಿತು. "ಬಂದ್ರು ಕಣ್ರೀ" ಎಂದ ಆ ಹೆಂಗಸಿನ ದನಿಯಲ್ಲಿ ಸಂತೋಷದ ಜೊತೆಗೆ ಇನ್ನೇನೋ ಇತ್ತು. ಕರೆ ಕಡಿಯಿತು. ಹೆಸರು ಕೇಳುವುದು ಇಬ್ಬರಿಗೂ ಹೊಳೆದಿರಲಿಲ್ಲ.

ಕರವಸ್ತ್ರ ಸರಿಸಿದರೆ 'ಸಮಗ್ರ' ಕಾಯುತ್ತಿತ್ತು. ಕರೆ ಇಷ್ಟು ಉದ್ದವಾದದ್ದಕ್ಕೆ ಕಾರಣ ಆರಿಸಿ: ತಾಂತ್ರಿಕ ದೋಷ, ಗ್ರಾಹಕರ ಸಿಟ್ಟು, ವಿಳಾಸದ ಗೊಂದಲ, ಇತರೆ. ಆಕೆ ಇತರೆ ಒತ್ತಿದಳು. ವಿವರಿಸಿ, ಎಂದಿತು. ಅವರಿಗೂ ಯಾರೂ ಇರಲಿಲ್ಲ, ಅದಕ್ಕೇ ಮಾತಾಡುತ್ತ ಕೂತೆವು, ಎಂದು ಬರೆದಳು. ಅಕ್ಷರಗಳು ಹೆಚ್ಚಾದವು, ಎಂದಿತು. ಎಲ್ಲ ಅಳಿಸಿ, ಮಾತು, ಎಂದಷ್ಟೇ ಬರೆದಳು. ಹಸಿರು ಗುರುತು ಬಂತು.